ತಣ್ಣನೆಯ ಕಣ್ಣು

ಮದ್ದೂರಿನಲ್ಲಿ ನಮ್ಮ ಪಕ್ಕದ ಮನೆಯಾಕೆ ದಪ್ಪ ಮೆಣಸಿನಕಾಯಿಯ ಬೀಜವನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ, ನೀರೊಲೆಯ ಪಕ್ಕ ಬೆಚ್ಚಗಿಟ್ಟು ಮೊಳಕೆ ಬರಿಸುತ್ತಿದ್ದರು. ಎಲೆಯ ಮೇಲೆ ಧೂಳು ಕೂತರೆ ಮಗುವಿನ ಮೂಗು ಒರೆಸಿದಂತೆ ಸೆರಗಿನಲ್ಲಿ ಒರೆಸುತ್ತಿದ್ದರು. ಅದೇ ಬೀಜ, ಅದೇ ಗೊಬ್ಬರ ನನಗೂ ಕೊಟ್ಟಿದ್ದರು. ಅವರ ಗಿಡದಲ್ಲಿ ಮುಷ್ಟಿಗಾತ್ರದ ಕಾಯಿ, ನನ್ನದರಲ್ಲಿ ಬರೀ ಎಲೆ. ಹೊಟ್ಟೆ ಉರಿಯದೆ ಇರುತ್ತದೆಯೇ?

ಯಾರಾದರೂ ಬಂದರೆ ಅವರು ಗಿಡಗಳ ಮೇಲೆ ಹಳೇ ಸೀರೆ ಎಳೆದುಬಿಡುತ್ತಿದ್ದರು. ನಾನು ಹೋದರೆ ಮಾತ್ರ ಅದನ್ನು ಸರಿಸಿ, "ನಿನ್ ಕಣ್ಣು ತಣ್ಣಗದೆ ಕಣವ್ವ, ನೋಡ್ಕೊ" ಎನ್ನುತ್ತಿದ್ದರು. ನಾನು ಕಣ್ತುಂಬ ನೋಡುತ್ತಿದ್ದೆ.

ಒಂದು ದಿನ ಅವರ ಗಿಡಗಳ ಹೂವೆಲ್ಲ ಉದುರಿಹೋದವು. ಗೋಡೆಯಾಚೆಯಿಂದ ನನ್ನನ್ನೇ ಕೂಗಿದರು.

"ಯಾವ ಪಾಪಿ ಕಣ್ಣು ಬಿತ್ತೋ ಕಾಣೆ. ನೀನೇ ನೀವಾಳ್ಸವ್ವ" ಎಂದು ಉಪ್ಪು, ಒಣಮೆಣಸಿನಕಾಯಿ ಕೈಗಿಟ್ಟರು. ನಾನು ಗಿಡಗಳಿಗೆ ನಿವಾಳಿಸಿ ನೀರೊಲೆಯ ಕೆಂಡಕ್ಕೆ ಹಾಕಿದೆ.

"ಇಷ್ಟು ಮೆಣಸಿನ್‌ಕಾಯಿ ಸುಟ್ರೂ ಗಾಟೇ ಬರ್ನಿಲ್ಲ, ನೋಡ್ದಾ? ದಿಷ್ಟಿನೇ ಆಗಿತ್ತು!" ಎಂದು ಗೆದ್ದವರಂತೆ ನಕ್ಕರು. ನಾನೂ ಮೂಗೆಳೆದು ನೋಡಿದೆ. ನಿಜಕ್ಕೂ ಗಾಟಿರಲಿಲ್ಲ.

ಕೆಲವೇ ದಿನಗಳಲ್ಲಿ ಅವರ ಗಿಡದಲ್ಲಿ ಮತ್ತೆ ಹೂವು ಬಂತು, ಕಾಯಿ ಕಚ್ಚಿತು. ಅದೂ ನನ್ನ ಕೈಯಿಂದ! ಒಂದು ಸಂಜೆ ನನ್ನ ಗಿಡಗಳಿಗೂ ನಿವಾಳಿಸೋಣವೆಂದು ಉಪ್ಪು, ಮೆಣಸಿನಕಾಯಿ ಹಿಡಿದು ಹೋದವಳು ಹಾಗೇ ವಾಪಸು ಬಂದೆ. ಬರೀ ಎಲೆಗೆ ಯಾರು ತಾನೆ ಕಣ್ಣು ಹಾಕುತ್ತಾರೆ?