ತಪ್ಪು ಎನ್ನದ ಅಜ್ಜಿ

ನಾನು ಧಾರವಾಡದವಳು. ಪಿರಿಯಾಪಟ್ಟಣದ ಕಡೆಯ ಮಾತಿನ ವಾಕ್ಯರಚನೆಯ ಮೇಲೆ ಪಿಎಚ್.ಡಿ. ಮಾಡುವಾಗ ಕಂಪಲಾಪುರದ ಒಂದು ರೈತರ ಮನೆಯಲ್ಲಿ ಉಳಿದಿದ್ದೆ. ಮನೆಯಲ್ಲಿ ಇದ್ದವರು ಅಜ್ಜಿ ಮತ್ತು ಅವರ ಸೊಸೆ. ಹಿತ್ತಲಿನಾಚೆ ಹೊಗೆಸೊಪ್ಪು ಒಣಗಿಸಿ ಹದ ಮಾಡುವ ಬ್ಯಾರನ್ ಇತ್ತು.

ನಾನು ನೆಚ್ಚಿಕೊಂಡಿದ್ದ ಸಿದ್ಧಾಂತದ ಪ್ರಕಾರ ವ್ಯಾಕರಣವೆಂದರೆ ಒಂದಷ್ಟು ನಿರ್ಬಂಧಗಳು. ಅವು ಒಂದಕ್ಕೊಂದು ಅಡ್ಡ ಬರುತ್ತವೆ, ಎಲ್ಲವನ್ನೂ ಪಾಲಿಸಲು ಯಾವ ವಾಕ್ಯಕ್ಕೂ ಆಗುವುದಿಲ್ಲ. ಅವುಗಳಲ್ಲಿ ಮೇಲಿನದು, ಕೆಳಗಿನದು ಎಂಬ ಶ್ರೇಣಿ ಇದೆ; ಮೇಲಿನದನ್ನು ಉಳಿಸಿಕೊಂಡು ಕೆಳಗಿನದನ್ನು ಮುರಿದ ವಾಕ್ಯ ಗೆಲ್ಲುತ್ತದೆ. ಯಾವುದು ಮೇಲಿನದು ಎಂದು ತಿಳಿಯಲು ಸೋತ ವಾಕ್ಯಗಳೂ ಬೇಕು. 'ಹೀಗೆ ಅನ್ನುವ ಹಾಗಿಲ್ಲ' ಎಂದು ಆ ಊರಿನವರೇ ಹೇಳಬೇಕು.

ಅಜ್ಜಿ ಹೇಳಲೇ ಇಲ್ಲ. ರೆಕಾರ್ಡರ್ ಇಟ್ಟುಕೊಂಡು, ಬೇಕೆಂದೇ ಕೆಡಿಸಿದ ವಾಕ್ಯಗಳನ್ನು ಒಂದೊಂದಾಗಿ ಕೇಳಿದೆ. ಎಲ್ಲಕ್ಕೂ ಹೂಂ ಎಂದು ತಲೆಯಾಡಿಸಿದರು. ಕೊನೆಗೆ ರೇಗಿ, "'ನೆನ್ನೆ ನಾನು ಬತ್ತೀನಿ' ಅನ್ನಬಹುದಾ ಅಜ್ಜಿ?" ಎಂದೆ.

"ಅನ್ಬೌದು ಬುಡಿ ಮೇಡಂ. ಓದ್ದೋರು ನೀವು, ಸುಮ್ಕೆ ಅಂತೀರಾ?"

ಸೋತ ವಾಕ್ಯಗಳಿಲ್ಲದೆ ಅಧ್ಯಾಯ ನಿಲ್ಲುವುದಿಲ್ಲ, ಈ ತಿಂಗಳೂ ಸಿಗದಿದ್ದರೆ ವಿಷಯ ಬದಲಿಸಿ ಎಂದು ಗೈಡು ಫೋನಿನಲ್ಲಿ ಹೇಳಿದರು. ವರ್ಷಗಟ್ಟಲೆ ಮಾಡಿದ ಕೆಲಸ ನೀರುಪಾಲಾಗುವುದರಲ್ಲಿತ್ತು. ಅಜ್ಜಿಯ ಮರ್ಯಾದೆಯ ಮೇಲೆ ನನಗೆ ನಿಜವಾಗಿ ಸಿಟ್ಟು ಬಂತು.

ಅದೇ ಅಜ್ಜಿ, ಕೊಡಗಿನ ಕಡೆಯಿಂದ ಬಂದ ಸೊಸೆ ಬಾಯಿ ತೆಗೆದರೆ ಸಾಕು, "ಅಂಗಲ್ಲ ಕಣೇ, ಇಂಗನ್ನು" ಎಂದು ತಿದ್ದುತ್ತಿದ್ದರು. ಅತಿಥಿಗಳ ಮಾತನ್ನು ತಪ್ಪು ಎನ್ನಬಾರದು ಎಂಬ ನಿರ್ಬಂಧ ಅಲ್ಲಿ ವ್ಯಾಕರಣಕ್ಕಿಂತ ಮೇಲಿತ್ತು. ಇದು ಹೊಳೆದ ಮೇಲೆ ಪ್ರಶ್ನೆ ಕೇಳುವುದನ್ನು ಬಿಟ್ಟು ರೆಕಾರ್ಡರನ್ನು ಬ್ಯಾಗಿಗೆ ಹಾಕಿದೆ.

ಅದು ಸೊಪ್ಪು ಮುರಿಯುವ ಕಾಲ. ಹಸಿ ಎಲೆಗಳನ್ನು ಕಡ್ಡಿಗೆ ಕಟ್ಟಲು ಅವರ ಜೊತೆ ನಾನೂ ಕೂತೆ. ಕೈಗೆ ಹತ್ತಿದ ಕಪ್ಪು ಅಂಟು ಸೋಪು ಹಾಕಿ ಉಜ್ಜಿದರೂ ಹೋಗುತ್ತಿರಲಿಲ್ಲ. ಒಂದು ಮಧ್ಯಾಹ್ನ ಸೊಸೆಯೊಡನೆ ಹರಟುತ್ತಾ ನಮ್ಮ ಕಡೆಯ ಮಾತನ್ನೂ ಅವರ ಮಾತನ್ನೂ ಕಲಸಿ ಏನೋ ಅಂದೆ. ಅಜ್ಜಿ ತಲೆ ಕೂಡ ಎತ್ತಲಿಲ್ಲ.

"ಯಾರಾರ ಅಂಗಂತಾರಾ? ಬಾಯಿಗ್ ಬಂದಂಗ್ ಮಾತಾಡ್ಬ್ಯಾಡ ಕಣೇ. ಸೊಪ್ಪ ಬಿಗಿಯಾಗ್ ಕಟ್ಟು."

ಅಧ್ಯಾಯಕ್ಕೆ ಬೇಕಾಗಿದ್ದ ಮೊದಲ 'ಇಲ್ಲ' ಸಿಕ್ಕಿತ್ತು. ಅದನ್ನು ಬರೆದುಕೊಳ್ಳಬೇಕೆಂದು ನನಗೆ ತೋಚಲೇ ಇಲ್ಲ. ಅಷ್ಟು ಸಂತೋಷವಾಗಿತ್ತು.

ಸೊಸೆ ನನ್ನ ಮುಖ ನೋಡಿ ನಕ್ಕಳು.

"ಇವತ್ತಿಂದ ನಿಮ್ಗೂ ಸುರುವಾಯ್ತು ಬುಡಿ."