ಚೌಕಕ್ಕೆ ಹಿಡಿಸದ ಅಕ್ಷರ

ಮೂರನೆಯ ಭಾನುವಾರವೂ ಪದಬಂಧ ದೊಡ್ಡಕ್ಕನಿಗೆ ಬಗೆಹರಿಯಲಿಲ್ಲ.

‘ಮಳೆ, ಬಿಸಿಲು ಒಟ್ಟಿಗೆ ಬಂದಾಗ ಆಕಾಶದಲ್ಲಿ ಮೂಡುವುದು.’ ಕಾಮನಬಿಲ್ಲು. ಶಾಲೆಗೆ ಹೋಗುವ ಮಗುವೂ ಹೇಳೀತು. ಆದರೆ ಚೌಕಗಳು ನಾಲ್ಕೇ ಇದ್ದವು. ‘ದರ್ಜಿಯ ಎರಡಲಗಿನ ಸಾಧನ.’ ಕತ್ತರಿಯಲ್ಲದೆ ಇನ್ನೇನು? ಅದಕ್ಕೆ ಎರಡೇ ಚೌಕ. ಬೇರೆ ಪದ ಹುಡುಕಿದಳು, ಅಳಿಸಿದಳು, ಮತ್ತೆ ಬರೆದಳು. ಮೋಟು ಪೆನ್ಸಿಲಿನ ಹಿಂದಿನ ರಬ್ಬರು ಸವೆದು ಕಾಗದ ಹರಿಯಿತು. ಅವಳಿಗೆ ಹೊಳೆದ ಪ್ರತಿಯೊಂದು ಉತ್ತರವೂ ಒಂದು ಅಕ್ಷರದಷ್ಟು ಉದ್ದವಾಗುತ್ತಿತ್ತು.

ಪತ್ರಿಕೆಯಲ್ಲಿ ಹಳೆಯ ಪದಬಂಧಕಾರ ಹೋಗಿ ಹೊಸಬ ಬಂದಿದ್ದ. ಚೌಕದ ಮೇಲೆ ‘ಚಮತ್ಕಾರ ಪದಬಂಧ’ ಎಂದು ದಪ್ಪ ಅಕ್ಷರದಲ್ಲಿ ಹಾಕಿಕೊಳ್ಳುತ್ತಿದ್ದ. ಮೊದಲ ವಾರ ದೊಡ್ಡಕ್ಕ ಅವನನ್ನೇ ಬೈದಳು. “ಇವನ ಚಮತ್ಕಾರಕ್ಕಿಷ್ಟು. ಒಂದು ದಿನ ಅಡುಗೆಮನೆಗೆ ಬಿಟ್ರೆ ಗೊತ್ತಾಗುತ್ತೆ.” ಎರಡನೆಯ ವಾರ ಬೈಗುಳ ಬಾಯಿಗೆ ಬರಲಿಲ್ಲ. ಮೂರನೆಯ ವಾರ ಅವಳಿಗೆ ಅಮ್ಮ ನೆನಪಾದಳು.

ಅಮ್ಮನ ಮರೆವೂ ಹೀಗೆ ಒಂದು ಹೆಚ್ಚಾಗುವುದರಿಂದಲೇ ಶುರುವಾಗಿತ್ತು. ಒಂದು ಮಧ್ಯಾಹ್ನ ಊಟದ ಮೇಜಿನ ಮೇಲೆ ಒಂದು ತಟ್ಟೆ ಹೆಚ್ಚು ಇಟ್ಟಿದ್ದಳು. ಮನೆಯವರೆಲ್ಲ ಕೂತಿದ್ದರು, ಅಮ್ಮ ಸೌಟು ಹಿಡಿದು ಪಕ್ಕದಲ್ಲಿ ನಿಂತಿದ್ದಳು. “ಇದ್ಯಾರಿಗಮ್ಮಾ?” ಎಂದು ಎಲ್ಲರೂ ನಕ್ಕರು. ಮರುದಿನವೂ ಹಾಗೇ ಇಟ್ಟಳು. ಆಮೇಲೆ ನನ್ನ ಬಳೆ ಕದ್ದರು, ನನ್ನ ಸೀರೆ ಕದ್ದರು ಎನ್ನತೊಡಗಿದಳು. ಕೊನೆಗೆ ಹೆಸರುಗಳೂ ಹೋದವು. ಅವಳನ್ನು ಊರಾಚೆಯ ವೃದ್ಧರ ಮನೆಗೆ ಸೇರಿಸುವಾಗ ಬಟ್ಟೆ ಮಡಿಸಿ ಚೀಲ ತುಂಬಿದವಳು ದೊಡ್ಡಕ್ಕನೇ. ಅಲ್ಲಿನ ಕಿಟಕಿಗಳು ಗೇಣಗಲಕ್ಕಿಂತ ಹೆಚ್ಚು ತೆರೆಯುತ್ತಿರಲಿಲ್ಲ.

ಅಂದಿನಿಂದ ಭಾನುವಾರದ ಪದಬಂಧ ಅವಳಿಗೆ ಆಟವಾಗಿ ಉಳಿದಿರಲಿಲ್ಲ. ತುಂಬಿ ಮುಗಿಸಿದರೆ ತಲೆ ನೆಟ್ಟಗಿದೆ ಎಂದು ಒಂದು ವಾರದ ಮಟ್ಟಿಗೆ ನೆಮ್ಮದಿ.

ಈಗ ಆ ನೆಮ್ಮದಿ ಇಲ್ಲದೆ ಕೈ ತಪ್ಪತೊಡಗಿತು. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬಟ್ಟೆ ಒಗೆಯುವುದನ್ನು ಬಿಟ್ಟು ಓಡಿಬರುವಳು. ನಲ್ಲಿ ನಿಲ್ಲಿಸಿದೆನೋ ಎಂದು ಒಲೆ ಬಿಟ್ಟು ಓಡುವಳು. ಹಾಗೆ ಓಡಿದ ಒಂದು ದಿನ ಹಾಲು ತಳ ಹಿಡಿದು ಪಾತ್ರೆ ಕರಕಲಾಯಿತು.

“ಬೀಗದಕೈ ನನ್ ಹತ್ರ ಇರ್ಲಿ ಬಿಡಿ ದೊಡ್ಡಕ್ಕ. ನಿಮಗ್ಯಾಕೆ ಭಾರ?” ಎಂದಳು ತಮ್ಮನ ಹೆಂಡತಿ. ಅವಳು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು. “ನಮ್ಮಂಗಡಿ ಮೇಲ್ಗಡೆ ಒಬ್ರು ಡಾಕ್ಟರು ಕೂರ್ತಾರೆ. ಬುಧವಾರಕ್ಕೆ ಹೇಳಿದ್ದೀನಿ. ಸುಮ್ನೆ ಒಂದ್ಸಲ ತೋರಿಸ್ಕೊಂಡು ಬರೋಣ.”

ಆ ಸಂಜೆ ದೊಡ್ಡಕ್ಕ ಪಾತ್ರೆ ಉಜ್ಜುತ್ತಿದ್ದಾಗ ತಮ್ಮನ ದನಿ ಕೇಳಿಸಿತು. ಡ್ರೈವಿಂಗ್ ಕಲಿಸುವವನು, ಮೆಲ್ಲಗೆ ಮಾತಾಡಿ ಅಭ್ಯಾಸವಿಲ್ಲ. “ಅಮ್ಮ ಇದ್ದ ಜಾಗದಲ್ಲೇ ಒಂದು ಕೋಣೆ ಖಾಲಿ ಇದ್ಯಂತೆ. ಆದ್ರೆ ಅಡುಗೆಗೊಬ್ಬಳು, ಬಟ್ಟೆ-ಪಾತ್ರೆಗೊಬ್ಬಳು, ಮಗು ಸ್ಕೂಲಿಂದ ಬಂದ್ಮೇಲೆ ನೋಡ್ಕೊಳ್ಳೋಕೊಬ್ಬಳು ಬೇಕಾಗುತ್ತಲ್ಲೇ.”

ಉಜ್ಜುತ್ತಿದ್ದ ಪಾತ್ರೆಯಲ್ಲಿ ತನ್ನ ಮುಖ ಕರಿಯ ಕಲೆಗಳ ನಡುವೆ ಕಾಣುತ್ತಿತ್ತು. ದೊಡ್ಡಕ್ಕ ನೀರು ಸುರಿದು ಅದನ್ನು ಕದಡಿದಳು.

ಮಂಗಳವಾರ ತಮ್ಮನ ಮಗಳ ಸ್ಕೂಲ್ ಲಂಗದ ಅಂಚು ಬಿಚ್ಚಿಸಲು ಬೀದಿ ಕೊನೆಯ ದರ್ಜಿಯ ಬಳಿ ಹೋದಳು. ದರ್ಜಿ ಹಳೆಯ ಪತ್ರಿಕೆಯ ಹಾಳೆ ಹರವಿ, ತೋಳಿನ ಅಳತೆಗೆ ಗೆರೆ ಎಳೆದು, ಕತ್ತರಿ ಎತ್ತಿದ್ದಳು. ದೊಡ್ಡಕ್ಕನಿಗೆ ಚೌಕಗಳು ಕಂಡವು.

“ತಡಿ, ಕತ್ತರಿಸಬೇಡ.”

“ಯಾಕಕ್ಕಾ, ನಿಮ್ ಫೋಟೋ ಏನಾದ್ರೂ ಬಂದಿದ್ಯಾ?”

ಅದೇ ಭಾನುವಾರದ ಪದಬಂಧ. ಅದರ ಬಲಕ್ಕೆ, ದೊಡ್ಡಕ್ಕ ಎಂದೂ ನೋಡಿರದ ಒಂದು ಪುಟ್ಟ ಪೆಟ್ಟಿಗೆಯಲ್ಲಿ ಹೋದ ವಾರದ ಉತ್ತರ, ಅದರ ಕೆಳಗೆ ನಿಯಮ: ‘ಪ್ರತಿ ಉತ್ತರದಲ್ಲೂ ಒಂದು ಅಕ್ಷರ ಚೌಕಗಳಿಗೆ ಹೆಚ್ಚಾಗಿರುತ್ತದೆ. ಅದು ಯಾವುದೆಂದು ಕಂಡುಹಿಡಿದು ಹೊರಗಿಡಿ. ಹೊರಗಿಟ್ಟ ಅಕ್ಷರವನ್ನು ಗೆರೆಯಾಚೆ ಅಂಚಿನಲ್ಲಿ ಬರೆಯಿರಿ.’

ಅವಳು ಹಾಳೆ ತಿರುವಿದಳು. ಆ ಪೆಟ್ಟಿಗೆಯ ಬೆನ್ನಿಗೆ ಸೋಪಿನ ಪುಡಿಯ ಕೂಪನ್ ಇತ್ತು. ಒಂದು ಕೊಂಡರೆ ಇನ್ನೊಂದು ಉಚಿತ.

ಮನೆಯಲ್ಲಿ ಪತ್ರಿಕೆ ಮೊದಲು ತಮ್ಮನ ಕೈಗೆ, ಆಮೇಲೆ ಕೂಪನ್ ಕತ್ತರಿಸಲು ಅವನ ಹೆಂಡತಿಗೆ, ಆಮೇಲೆ ಚಿತ್ರ ಕತ್ತರಿಸಲು ಮಗಳಿಗೆ. ದೊಡ್ಡಕ್ಕನ ಪಾಲಿಗೆ ಬರುವುದು ಮಧ್ಯಾಹ್ನದ ಪಾತ್ರೆ ತೊಳೆದ ಮೇಲೆ. ತೂತಿಲ್ಲದ ಪತ್ರಿಕೆಯನ್ನೇ ಅವಳು ನೋಡಿರಲಿಲ್ಲ, ಹಾಗಾಗಿ ಒಂದು ತೂತಿನ ಜಾಗದಲ್ಲಿ ಏನಿತ್ತು ಎಂದು ವಿಚಾರಿಸುವ ಯೋಚನೆಯೂ ಬಂದಿರಲಿಲ್ಲ. ಕೂಪನ್ನಿನಿಂದ ತಂದ ಪುಡಿಯಲ್ಲಿ ಮನೆಮಂದಿಯ ಬಟ್ಟೆ ಒಗೆದವಳೂ ಅವಳೇ.

“ಕಾಮನಬಿಲ್ಲು ಅಂದ್ರೆ ಕಾಮನಬಿಲ್ಲೇ,” ಎಂದಳು.

“ಮತ್ತಿನ್ನೇನಕ್ಕಾ?” ಎಂದು ದರ್ಜಿ ಹಾಳೆಯನ್ನು ಮಡಿಸಿ ಕೊಟ್ಟಳು.

ಮನೆಗೆ ಬಂದು, ಅಡುಗೆ ಬೇಯುತ್ತಿದ್ದಂತೆಯೇ ಕಟ್ಟೆಯ ಮೇಲೆ ಹಾಳೆ ಹರವಿ ಬರೆದಳು. ಉತ್ತರಗಳು ಒಂದರ ಹಿಂದೊಂದು ಕೂತವು. ಅಂಚಿನ ತುಂಬ ಒಂಟಿ ಅಕ್ಷರಗಳು ನಿಂತವು. ಅನ್ನ ಹತ್ತಲಿಲ್ಲ, ಹಾಲು ಉಕ್ಕಲಿಲ್ಲ. ಗ್ಯಾಸನ್ನು ಒಂದೇ ಸಲ ಆರಿಸಿ, ತಿರುಗಿ ನೋಡದೆ ಹೊರಗೆ ಬಂದಳು.

“ನನ್ ತಲೆಗೇನೂ ಆಗಿಲ್ಲ ಕಣೋ,” ಎಂದು ತಮ್ಮನ ಮುಂದೆ ಹಾಳೆ ಇಟ್ಟಳು. “ಪ್ರತಿ ವಾರ ನಿಯಮಾನೇ ಕತ್ತರಿಸಿ ತೆಗೀತಿದ್ರು. ಅದಕ್ಕೇ ನನಗೆ ಬರ್ತಿರ್ಲಿಲ್ಲ.”

“ಯಾರು ತೆಗೀತಿದ್ರು ಅಕ್ಕ?”

“ನಿನ್ನ ಹೆಂಡ್ತಿ.”

ತಮ್ಮ ಹೆಂಡತಿಯ ಕಡೆ ನೋಡಿದ. ಆ ನೋಟ ದೊಡ್ಡಕ್ಕನಿಗೆ ಗುರುತಿತ್ತು. ಬಳೆ ಕದ್ದರು ಎಂದು ಅಮ್ಮ ಅತ್ತಾಗ ತಾನೂ ತಮ್ಮನೂ ಹೀಗೇ ನೋಡಿಕೊಂಡಿದ್ದರು.

“ಸೋಪಿನ ಕೂಪನ್ ಹಿಂದೆ ಇತ್ತು ನಿಯಮ. ಇಲ್ಲಿ ನೋಡು, ಇದನ್ನ ಓದು.”

ಅವನು ಓದಲಿಲ್ಲ. ಅಂಚಿನಲ್ಲಿ ಚೆಲ್ಲಾಡಿದ ಅಕ್ಷರಗಳ ಮೇಲೆ ಬೆರಳಾಡಿಸಿದ. “ಗೆರೆ ಆಚೆಯೆಲ್ಲಾ ಬರ್ದಿದ್ದೀಯಲ್ಲಕ್ಕ.”

“ಹಾಗೇ ಬರೀಬೇಕು.”

“ಹೌದು ದೊಡ್ಡಕ್ಕ, ಹಾಗೇ ಬರೀಬೇಕು,” ಎಂದಳು ತಮ್ಮನ ಹೆಂಡತಿ. ದನಿ ಮೃದುವಾಗಿತ್ತು, ಒಂದೊಂದು ಮಾತನ್ನೂ ಬಿಡಿಸಿ ಹೇಳುತ್ತಿದ್ದಳು. ಚೀಲ ತುಂಬಿದ ದಿನ ದೊಡ್ಡಕ್ಕ ಅಮ್ಮನೊಡನೆ ಆಡಿದ್ದು ಇದೇ ದನಿಯಲ್ಲಿ. “ಈಗ ಊಟ ಮಾಡೋಣ್ವಾ?”

ದೊಡ್ಡಕ್ಕ ತಟ್ಟೆ ತರಲು ಹೋದಳು. ತಮ್ಮನಿಗೊಂದು, ಅವನ ಹೆಂಡತಿಗೊಂದು, ಮಗಳಿಗೊಂದು. ದಿನವೂ ಮೂರನ್ನೇ ತೆಗೆಯುವ ಕೈ ಅಂದು ಅಲ್ಲೇ ನಿಂತಿತು. ಅಮ್ಮ ತಟ್ಟೆ ಹೆಚ್ಚು ಇಟ್ಟ ಆ ಮಧ್ಯಾಹ್ನ ಮೇಜಿನ ಸುತ್ತ ಕೂತಿದ್ದವರು, ತಾನೂ ಸೇರಿ, ನಾಲ್ವರು. ತಟ್ಟೆ ಐದು. ಸೌಟು ಹಿಡಿದು ನಿಂತಿದ್ದವಳನ್ನು ಯಾರೂ ಎಣಿಸಿರಲಿಲ್ಲ. ಇದ್ಯಾರಿಗಮ್ಮಾ ಎಂದಾಗ ಅಮ್ಮ ಆ ತಟ್ಟೆಯನ್ನೇ ನೋಡುತ್ತ ನಿಂತಳು. ನಗುತ್ತ ಅದನ್ನೆತ್ತಿ ಒಳಗಿಟ್ಟವಳು ದೊಡ್ಡಕ್ಕ. ಅಮ್ಮನ ಮರೆವು ಆಮೇಲೆ ನಿಜವಾಗಿಯೇ ಬಂತು. ಆದರೆ ಆ ಮಧ್ಯಾಹ್ನ ಅವಳ ಲೆಕ್ಕ ತಪ್ಪಿರಲಿಲ್ಲ.

ದೊಡ್ಡಕ್ಕ ನಾಲ್ಕು ತಟ್ಟೆ ತಂದು ಮೇಜಿನ ಮೇಲಿಟ್ಟಳು.

ತಮ್ಮನ ಹೆಂಡತಿ ನಾಲ್ಕನೆಯದರ ಮೇಲೆ ಕಣ್ಣಿಟ್ಟಳು. “ಯಾರಾದ್ರೂ ಬರೋರಿದ್ದಾರಾ ದೊಡ್ಡಕ್ಕ?”

“ಇದು ನಂದು,” ಎಂದು ದೊಡ್ಡಕ್ಕ ಕುರ್ಚಿ ಎಳೆದು ಕೂತಳು.

ಪಾತ್ರೆಗಳ ಮುಚ್ಚಳದಡಿ ಆವಿ ಹನಿಗಟ್ಟುತ್ತಿತ್ತು. ಬಡಿಸಲು ಯಾರೂ ಏಳಲಿಲ್ಲ. ಮಗಳು ಒಬ್ಬೊಬ್ಬರ ಮುಖವನ್ನೂ ನೋಡಿದಳು. ತಮ್ಮ ಪದಬಂಧದ ಹಾಳೆಯನ್ನು ಅಂಗೈಯಗಲಕ್ಕೆ ಮಡಿಸಿ, ಡಾಕ್ಟರಿಗೆ ತೋರಿಸಲೆಂದು ಜೇಬಿಗೆ ಹಾಕಿಕೊಂಡ.

“ಆಯ್ತಕ್ಕ,” ಎಂದ, ಅವನೂ ಮೆಲ್ಲಗೆ. “ಕೂತ್ಕೋ. ಬೆಳಿಗ್ಗೆ ಬೇಗ ಹೊರಡೋಣ. ನಿಂದೊಂದೆರಡು ಜೊತೆ ಬಟ್ಟೆ ಇವಳು ತೆಗೆದಿಡ್ತಾಳೆ.”