ಕಪ್ಪು ಸ್ಟಾಕ್, ಮರದ ಸ್ಟಾಕ್

ಅಣ್ಣ ಸೆಮಿ ಆಟೋಮ್ಯಾಟಿಕ್ ಒಂದನ್ನು ಜೋಡಿಸುತ್ತಿದ್ದಾನೆ ಎಂದು ಅಮ್ಮ ಫೋನಿನಲ್ಲಿ ಹೇಳಿದರೆ ಮೈಸೂರಿನ ಅಜ್ಜಿ ಅದನ್ನು ವಾಷಿಂಗ್ ಮೆಷಿನ್ ಅಂದುಕೊಂಡಳು, "ಫುಲ್ಲಿ ಆಟೋಮ್ಯಾಟಿಕ್ಕೇ ತಗೊಳ್ಳಿ, ನೀರು ಸುರಿಯೋ ಕೆಲಸ ತಪ್ಪತ್ತೆ" ಅಂದಳು. ಪರದೇಶದ ಈ ಹಾರ್ನ್‌ಬಿಯ ನಮ್ಮ ಮನೆಗೆ ಊಟಕ್ಕೆ ಬಂದವರಿಗೆಲ್ಲ ಅಣ್ಣ ಈ ಕಥೆಯನ್ನು ಬಡಿಸುತ್ತಾನೆ. ಎಲ್ಲರೂ ನಗುತ್ತಾರೆ. ನನ್ನ ತಕರಾರು ಕಥೆಯ ಮೇಲಲ್ಲ, ತಪ್ಪನ್ನು ಅಜ್ಜಿಯ ತಲೆಗೆ ಕಟ್ಟುವುದರ ಮೇಲೆ. ಆ ಫೋನಿನ ಪಕ್ಕದಲ್ಲೇ ನಾನಿದ್ದೆ. ಅಮ್ಮನ ಬಾಯಿಂದ 'ರೈಫಲ್' ಅನ್ನುವ ಪದವೇ ಹೊರಡಲಿಲ್ಲ. ಅಜ್ಜಿ ಸೋಪು, ನೀರು, ಡ್ರೈಯರ್ ಅಂತ ಮುಂದುವರಿಸಿದಾಗ ಅಮ್ಮ "ಹೂಂ, ನೋಡೋಣ" ಅಂದಳು. ತಿದ್ದಲಿಲ್ಲ.

ಈ ಊರಿನ ಮಸೀದಿಗಳಲ್ಲಿ ಗುಂಡು ಹಾರಿದ ಶುಕ್ರವಾರ ಅಮ್ಮ ಆಸ್ಪತ್ರೆಯಲ್ಲಿ ಡ್ಯೂಟಿಯಲ್ಲಿದ್ದಳು. ಆಕೆ ನರ್ಸ್. ಅವತ್ತಿನ ಬಗ್ಗೆ ಮನೆಯಲ್ಲಿ ಒಂದು ವಾಕ್ಯವನ್ನೂ ಪೂರ್ತಿ ಮಾಡಿದವಳಲ್ಲ. ಆಮೇಲೆ ಸರ್ಕಾರ ಬಹುಪಾಲು ಸೆಮಿ ಆಟೋಮ್ಯಾಟಿಕ್‌ಗಳನ್ನು, ಅಂದರೆ ಒಂದು ಗುಂಡು ಹಾರಿದೊಡನೆ ಮುಂದಿನದನ್ನು ತಾವೇ ತುಂಬಿಕೊಳ್ಳುವ ಬಂದೂಕುಗಳನ್ನು, ನಿಷೇಧಿಸಿತು. ಮೊಲ ಹೊಡೆಯುವ, ಸಣ್ಣ ಗುಂಡಿನ ಪಾಯಿಂಟ್ ಟೂ ಟೂ ರೈಫಲ್ ಮಾತ್ರ, ಮ್ಯಾಗಜೀನ್‌ನಲ್ಲಿ ಹತ್ತಕ್ಕಿಂತ ಹೆಚ್ಚು ಗುಂಡು ಹಿಡಿಸದಿದ್ದರೆ, ಉಳಿದುಕೊಂಡಿತು. ಅಣ್ಣನಿಗೆ ಬೇಕಿದ್ದದ್ದು ಅದು. ಅವನ ಸಹೋದ್ಯೋಗಿಯೊಬ್ಬನ ಅಪ್ಪನ ಫಾರ್ಮ್‌ನಲ್ಲಿ ಮೊಲಗಳು ಕುರಿಗಳ ಹುಲ್ಲನ್ನೆಲ್ಲ ಬೋಳಿಸುತ್ತವೆ, ವಾರಾಂತ್ಯಕ್ಕೆ ಇವನು ಅಲ್ಲಿಗೆ ಹೋಗುತ್ತಾನೆ. ಫ್ಲಾಟ್‌ಮೇಟ್‌ಗಳ ಜೊತೆ ಇದ್ದಾಗಲೇ ಲೈಸೆನ್ಸ್ ಮಾಡಿಸಿದ್ದ. ಈಗ ಮನೆಗೆ ವಾಪಸ್ ಬಂದಿದ್ದ, ಜೊತೆಗೆ ಬಂದೂಕಿಡುವ ಉಕ್ಕಿನ ಸೇಫನ್ನೂ ತಂದಿದ್ದ. ಸೇಫನ್ನು ನಮ್ಮ ಗ್ಯಾರೇಜಿನ ಗೋಡೆಗೆ ಬೋಲ್ಟ್ ಹಾಕಿ ಕೂರಿಸಬೇಕು. ಮನೆ ಅಮ್ಮನದು. ಅವಳು ಒಪ್ಪಬೇಕು.

ಒಪ್ಪಿಸುವ ವಕಾಲತ್ತು ನನ್ನದಾಯಿತು. "ಡಿಬೇಟ್ ಅಂತ ಊರೆಲ್ಲ ಸುತ್ತಿದ್ಯಲ್ಲ, ಒಂದ್ಸಲ ಮನೆಗೂ ಉಪಯೋಗಕ್ಕೆ ಬಾ ಮಾರಾಯ್ತಿ" ಅಂತ ಅಣ್ಣ ಕೆಣಕಿದ. ನನಗೆ ಬಂದೂಕು ಇಷ್ಟವೇನಲ್ಲ. ಆದರೆ ಇಷ್ಟವಿಲ್ಲದ ಪಕ್ಷ ಹಿಡಿದು ಗೆಲ್ಲುವುದೇ ಡಿಬೇಟಿನ ಮಜಾ.

ಹಾಗಾಗಿ ಭಾಗಗಳನ್ನು ಆರಿಸುವಾಗ ನಾನೂ ಅವನ ಲ್ಯಾಪ್‌ಟಾಪಿನ ಮುಂದೆ ಕೂತೆ. ನಡುವಿನ ಯಂತ್ರಭಾಗವನ್ನು ಆಗಲೇ ನಿರ್ಧರಿಸಿದ್ದ. ದಪ್ಪ ಬ್ಯಾರೆಲ್ಲೋ ತೆಳುವೋ ಎಂಬುದಕ್ಕೆ ಒಂದು ಸಂಜೆ ಹೋಯಿತು. ದಪ್ಪದ್ದು ಗುರಿಯಲ್ಲಿ ಅಲ್ಲಾಡದೆ ನಿಲ್ಲುತ್ತದೆ, ತೆಳುವಾದದ್ದನ್ನು ಗುಡ್ಡ ಹತ್ತಿಸಬಹುದು. ತೆಳುವೇ ಗೆದ್ದಿತು. ಟ್ರಿಗರ್ ಬಗ್ಗೆ ಅವನು ಮಾತಾಡುವಾಗ ವೀಣೆ ಮೇಷ್ಟ್ರು ತಂತಿಯ ಬಗ್ಗೆ ಮಾತಾಡಿದ ಹಾಗೆ ಕೇಳುತ್ತಿತ್ತು. ಕೊನೆಗುಳಿದದ್ದು ಸ್ಟಾಕ್, ಅಂದರೆ ಹೆಗಲಿಗೆ ಒರಗಿಸಿಕೊಳ್ಳುವ ಭಾಗ. ಅವನು ಆರಿಸಿದ್ದು ಕಪ್ಪು ಪ್ಲಾಸ್ಟಿಕ್ಕಿನದು. ಹಗುರ, ಮಳೆಗೆ ಉಬ್ಬುವುದಿಲ್ಲ.

ಅಮ್ಮ ಹಿಂದಿನಿಂದ ಬಂದು ಪರದೆ ನೋಡಿದಳು.

"ಕಪ್ಪು ಬೇಡ. ಮರದ್ದಾದ್ರೆ ಇರ್ಲಿ."

ನಾನು ಶುರು ಹಚ್ಚಿಕೊಂಡೆ. ಒಳಗಿನ ಯಂತ್ರ ಅದೇ, ಬ್ಯಾರೆಲ್ ಅದೇ, ಅದೇ ಹತ್ತು ಗುಂಡು. ಮರ ಹಾಕಿದರೆ ಅದು ಸಾಧುವಾಗುವುದಿಲ್ಲ, ಪ್ಲಾಸ್ಟಿಕ್ ಹಾಕಿದರೆ ಕ್ರೂರವಾಗುವುದಿಲ್ಲ. ಒಪ್ಪುವುದಾದರೆ ಎರಡನ್ನೂ ಒಪ್ಪಬೇಕು, ಇಲ್ಲವಾದರೆ ಎರಡನ್ನೂ ಬಿಡಬೇಕು. ರೂಪ ನೋಡಿ ತೀರ್ಪು ಕೊಡುವುದು ತರ್ಕವಲ್ಲ, ಇತ್ಯಾದಿ. ಅಮ್ಮ ಕೇಳಿಸಿಕೊಂಡಳು.

"ಎರಡೂ ಒಂದೇ ಅಂದ್ಮೇಲೆ, ನಾನು ಒಂದನ್ನ ಬೇಡ ಅಂದ್ರೆ ನಿಮಗೇನೇ ಕಷ್ಟ?"

ಅಣ್ಣ ನನ್ನನ್ನು ನೋಡಿದ. ನಾನು ಲ್ಯಾಪ್‌ಟಾಪನ್ನು ಅವನ ಕಡೆಗೆ ತಳ್ಳಿದೆ. ಆ ಸೋಲು ನನಗೆ ಇವತ್ತಿಗೂ ಹಿಡಿಸುತ್ತದೆ, ಅಷ್ಟು ಚೊಕ್ಕ ಏಟು ಅದು.

ಅಣ್ಣ ವಾಲ್‌ನಟ್ ಮರದ ಹಳೆಯ ಸ್ಟಾಕ್ ಒಂದನ್ನು ಹುಡುಕಿ ತಂದ. ಕಲೆ ಉಜ್ಜಿ, ಎಣ್ಣೆ ತಿಕ್ಕಿ, ಅಷ್ಟಿಷ್ಟು ಗೊಣಗಿ ಜೋಡಿಸಿದ. ನೋಡಲು ಚೆನ್ನಾಗಿಯೇ ಇತ್ತು. ಅಮ್ಮನೂ ಹಾಗೇ ಅಂದಳು, ಮುಟ್ಟಲಿಲ್ಲ. ಬಂದೂಕು ಸೇಫಿನೊಳಗೆ ಹೋಯಿತು, ಅಲ್ಲಿಗೆ ವಿಷಯ ಮುಗಿಯಿತೆಂದು ಎಲ್ಲರೂ ಅಂದುಕೊಂಡರು.

ನಾನು ಮಾತ್ರ ಅಂದುಕೊಳ್ಳಲಿಲ್ಲ. ನಮ್ಮ ಮನೆಯಲ್ಲಿ ಅಡುಗೆಮನೆ ಪಕ್ಕದ ಬಾಗಿಲು ತೆಗೆದರೆ ಗ್ಯಾರೇಜು. ಅಮ್ಮ ಡ್ಯೂಟಿಗೆ ಹೋಗುವಾಗ ಅಲ್ಲಿಂದಲೇ ಕಾರು ಹತ್ತುತ್ತಿದ್ದಳು. ಸೇಫ್ ಗೋಡೆಗೆ ಕೂತ ಮೇಲೆ ಕಾರು ಹೊರಗೆ, ಡ್ರೈವ್‌ವೇಯಲ್ಲಿ ನಿಲ್ಲುತ್ತಿದೆ. ಜಾಗ ಸಾಲದು ಅಂತಾಳೆ. ಜಾಗ ಬೇಕಾದಷ್ಟಿದೆ. ಮೊನ್ನೆ ಬೆಳಿಗ್ಗೆ ಮುಂದಿನ ಗಾಜಿನ ಮೇಲೆ ಹೆಪ್ಪುಗಟ್ಟಿದ ಮಂಜನ್ನು ಯೂನಿಫಾರ್ಮಿನಲ್ಲೇ ನಿಂತು ಕೆರೆಯುತ್ತಿದ್ದಳು. ನಾನೂ ಒಂದು ಹಳೆಯ ಬಸ್ ಕಾರ್ಡ್ ಹಿಡಿದು ಇನ್ನೊಂದು ಬದಿಯಿಂದ ಕೆರೆದೆ. ಇಬ್ಬರ ನಡುವೆ ಗಾಜು ಸ್ವಲ್ಪ ಸ್ವಲ್ಪವೇ ತಿಳಿಯಾಗುತ್ತಿತ್ತು. ಈ ಸಲ ವಾದ ಮಾಡುವ ಉದ್ದೇಶ ನನಗಿರಲಿಲ್ಲ.

"ಅಮ್ಮಾ, ಮರದ್ದಾದ್ರೆ ಪರವಾಗಿಲ್ಲ ಅಂತ ನಿಂಗೆ ನಿಜವಾಗ್ಲೂ ಅನ್ನಿಸಿತ್ತಾ? ಇಲ್ಲಾ, ಅವನಿಗೆ ಬೇಡ ಅನ್ನೋಕಾಗ್ದೆ ಮರ ಅಂದ್ಯಾ?"